ಮೊದಲೇ ಏರಿಸಿದ ಕಂಬ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯಲ್ಲಿ ನಿಂತು ಮಾತನಾಡುವಾಗ ಹಿಂದಿನದನ್ನು ನೆನೆಯುವುದು ವಾಡಿಕೆ. ನಾನೂ ಒಂದು ನೆನಪಿನಿಂದಲೇ ಆರಂಭಿಸುತ್ತೇನೆ. ಆದರೆ ಅದು ಅಭಿಮಾನದ ನೆನಪಲ್ಲ.

2020ರ ಅಕ್ಟೋಬರ್ ತಿಂಗಳು. ಕೊರೋನಾದ ಕಾರಣ ಶಾಲೆಯ ಬಾಗಿಲು ಮುಚ್ಚಿತ್ತು. ಮಕ್ಕಳಿಗೂ ನಮಗೂ ಉಳಿದ ನಂಟು ಮೊಬೈಲ್ ಒಂದೇ. ತಿಂಗಳ ನಡುವೆ ಸುರಿದ ಮಳೆಗೆ ಬೋರಿ ನದಿ ಉಕ್ಕಿ, ಅಕ್ಕಲಕೋಟೆ ತಾಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. ಕರೆಂಟು ಹೋಯಿತು, ಅದರ ಬೆನ್ನಿಗೆ ಮೊಬೈಲೂ ಮೂಕವಾಯಿತು. ನಾನು ಹಾಜರಿ ಪುಸ್ತಕ ತೆರೆದು, ಹೊಳೆಯಂಚಿನ ಊರುಗಳ ಮಕ್ಕಳ ಮನೆಗಳಿಗೆ ಒಂದೊಂದಾಗಿ ಕರೆ ಮಾಡುತ್ತ ಹೋದೆ. ಒಂದೂ ತಾಗಲಿಲ್ಲ. ಎಲ್ಲರೂ ಕ್ಷೇಮ ಎಂಬ ಸುದ್ದಿ ಮೂರನೆಯ ದಿನ, ಹಾಲು ತರುವವರ ಬಾಯಿಂದ ಬಂತು. ಹಾಜರಿ ಕರೆದಾಗ 'ಇದ್ದೇನೆ' ಎನ್ನುವ ಮಗುವಿನ ದನಿ ಎಷ್ಟು ದೊಡ್ಡದೆಂದು ಆ ಎರಡು ರಾತ್ರಿ ನನಗೆ ತಿಳಿಯಿತು.

ಇಂಥ ಮೌನ ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಮಿ ನಡುಗಿದಾಗ ನಾನು ಸೊಲ್ಲಾಪುರದಲ್ಲಿ ಓದುತ್ತಿದ್ದೆ. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಊರುಗಳಲ್ಲಿ ಸಾವಿರಾರು ಜನ ಕಲ್ಲುಮಣ್ಣಿನ ಮನೆಗಳಡಿ ಸಿಕ್ಕಿ ಮಡಿದರು. ಆಗ ಬ್ಯಾಟರಿ, ತಂತಿ, ಪುಟ್ಟ ಯಂತ್ರ ಹೊತ್ತು ಅಲ್ಲಿಗೆ ಬಂದು ಸುದ್ದಿ ಸಾಗಿಸಿದವರಲ್ಲಿ 'ಹ್ಯಾಮ್' ಎಂದು ಕರೆಯಲಾಗುವ ಹವ್ಯಾಸಿ ರೇಡಿಯೊ ಬಳಗದವರೂ ಇದ್ದರು. ಸಂಬಳಕ್ಕಲ್ಲ, ಪ್ರೀತಿಗಾಗಿ ರೇಡಿಯೊ ನಡೆಸುವವರು ಅವರು.

ಅವರ ಸಾಲಿನಲ್ಲಿ ನನ್ನ ಮನಸ್ಸಿನಲ್ಲಿ ನಿಂತವರು ಭಾರತಿ ಪ್ರಸಾದ್. 2004ರ ಡಿಸೆಂಬರ್ ಆರಂಭದಲ್ಲಿ ಅವರು ತಂಡದೊಡನೆ ಅಂಡಮಾನಿಗೆ ಹೋದದ್ದು ಹವ್ಯಾಸಕ್ಕಾಗಿ, ಜಗತ್ತಿನ ಗೆಳೆಯರೊಡನೆ ರೇಡಿಯೊದಲ್ಲಿ ಮಾತನಾಡಲು. ಡಿಸೆಂಬರ್ 26ರಂದು ಸುನಾಮಿ ಬಂತು, ದೂರವಾಣಿ ಸತ್ತಿತು. ಅವರ ಆಂಟೆನಾ ಆಗಲೇ ಪೋರ್ಟ್ ಬ್ಲೇರಿನಲ್ಲಿ ಏರಿತ್ತು. ಅದೇ ಆಂಟೆನಾದಿಂದ ಬದುಕುಳಿದವರ ಸುದ್ದಿ ಅವರವರ ಮನೆಗಳಿಗೆ ಮುಟ್ಟಿತು. ಆಪತ್ತು ಬಂದ ಮೇಲೆ ಕಂಬ ನೆಡಲಾಗದು. ಮೊದಲೇ ನೆಟ್ಟ ಕಂಬವೇ ಆಪತ್ತಿಗಾಗುತ್ತದೆ. ನಾನು ಇಂದು ಹೇಳಬೇಕಾದ ಮಾತು ಇಷ್ಟೇ.

ಅಂದು ಗಾಳಿಯಲ್ಲಿ ಹೆಚ್ಚಾಗಿ ಮಾತು ಹೋಗುತ್ತಿತ್ತು. ಇಂದು ಬರಹ, ಹೆಸರುಪಟ್ಟಿ, ಚಿತ್ರಗಳನ್ನೂ ಕಳಿಸಬಹುದು. ಹಲವು ಮಾಳಿಗೆಗಳ ಮೇಲೆ ಒಂದೊಂದು ಪುಟ್ಟ ರೇಡಿಯೊ ಕೇಂದ್ರವಿಟ್ಟು ಒಂದಕ್ಕೊಂದು ಹೆಣೆಯುವುದಕ್ಕೆ ಮೆಶ್ ಜಾಲ ಎನ್ನುತ್ತಾರೆ. ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುತ್ತೇವಲ್ಲ, ಇದೂ ಹಾಗೆಯೇ. ಸಾಲಿನಲ್ಲಿ ಒಬ್ಬ ಕುಸಿದರೆ ಕೊಡ ಪಕ್ಕದವನ ಕೈಗೆ ಹೋಗುತ್ತದೆ. ಒಂದು ಕೇಂದ್ರ ಕೆಟ್ಟರೆ ಸಂದೇಶ ಉಳಿದ ಕೇಂದ್ರಗಳ ಮೂಲಕ ಬೇರೆ ದಾರಿ ಹಿಡಿಯುತ್ತದೆ. ಇದಕ್ಕೆ ಮೊಬೈಲ್ ಕಂಪನಿಯ ಗೋಪುರವೂ ಬೇಡ, ಇಂಟರ್‌ನೆಟ್ಟೂ ಬೇಡ.

ನಾನು ಕನ್ನಡ ಕಲಿಸುವವಳು; ಲೆಕ್ಕವನ್ನು ನಮ್ಮ ವಿಜ್ಞಾನ ಶಿಕ್ಷಕರಿಂದ ಕೇಳಿ ಕಲಿತೆ. ಇಂಥ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ನೇರದಲ್ಲಿ ಸಾಗುತ್ತವೆ. ಸಮತಟ್ಟಾದ ನೆಲದಲ್ಲಿ ಎರಡೂ ಕಡೆ 9 ಮೀಟರ್ ಎತ್ತರದ ಕಂಬವಿದ್ದರೆ ಹೆಚ್ಚೆಂದರೆ 25 ಕಿಲೋಮೀಟರ್ ದಾಟಬಹುದು. ಗಿಡಮರ, ಕಟ್ಟಡ ಅಡ್ಡವಾದಷ್ಟೂ ಅದು ಕಡಿಮೆ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಆದ್ದರಿಂದ ನಡುವೆ ವಳಸಂಗದಲ್ಲಿ ಒಂದು ಕಂಬ ಬೇಕು. ಬಳಸುದಾರಿಗೆಂದು ಅಕ್ಕಪಕ್ಕದ ಊರುಗಳಲ್ಲಿ ಇನ್ನೆರಡು ಬೇಕು. ಒಂದು ಕೇಂದ್ರಕ್ಕೆ 8 ವಾಟ್ ಬೇಕಾದರೆ, 12 ವೋಲ್ಟಿನ 40 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಶಕ್ತಿಯಲ್ಲೇ ಅದು 30 ತಾಸು ನಡೆಯುತ್ತದೆ. ಮೇಲೊಂದು ಸೌರ ಫಲಕವಿದ್ದರೆ ಬಿಸಿಲು ಬಂದ ದಿನ ಬ್ಯಾಟರಿ ಮತ್ತೆ ತುಂಬುತ್ತದೆ.

ವಳಸಂಗದ ಮಾಳಿಗೆಯ ಮನೆಯವರನ್ನು ನೆನೆಯಿರಿ. ಹಾದುಹೋಗುವ ಸಂದೇಶ ಅವರದಲ್ಲ, ಅವರ ನೆಂಟರದೂ ಅಲ್ಲ. ಆದರೂ ಅವರು ಕಂಬ ಕಾಯಬೇಕು, ಬ್ಯಾಟರಿ ಒರೆಸಿಡಬೇಕು. ಈ ಜಾಲಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ಪರರ ಮಾತನ್ನು ತನ್ನದೆಂದು ಹೊರುವ ಮನಸ್ಸು. ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ್ದು ನಮ್ಮ ಸೀಮೆಯಲ್ಲೇ. ಕೆರೆ ತೋಡಿದವರು ತಮ್ಮ ಬಾಯಾರಿಕೆಯೊಂದನ್ನೇ ನೆನೆದಿದ್ದರೆ ಅದು ಇಂದಿನವರೆಗೆ ಉಳಿಯುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹವ್ಯಾಸಿ ರೇಡಿಯೊ ನಡೆಸಲು ಕೇಂದ್ರ ಸರ್ಕಾರದ ಪರವಾನಗಿ ಕಡ್ಡಾಯ. ಅದಕ್ಕೆ ರೇಡಿಯೊ ವಿದ್ಯೆ ಮತ್ತು ನಿಯಮಗಳ ಪರೀಕ್ಷೆಯಿದೆ. ಅದರಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ, ಗುಟ್ಟಿನ ಸಂಕೇತಗಳನ್ನು ಬಳಸುವಂತಿಲ್ಲ. ಆದರೆ ಮಕ್ಕಳೇ, ಸಂತೋಷದ ಸಂಗತಿಯೊಂದಿದೆ: 12 ವರ್ಷ ತುಂಬಿದವರು ಆ ಪರೀಕ್ಷೆಗೆ ಕೂಡಬಹುದು. ಅಂದರೆ ನಮ್ಮ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನದೇ ಕರೆ-ಹೆಸರು ಪಡೆದು ಗಾಳಿಯಲ್ಲಿ ಊರಿನ ಪರವಾಗಿ ಮಾತನಾಡಬಹುದು.

ಪರೀಕ್ಷೆಗಿಂತಲೂ ಕಠಿಣವಾದದ್ದು ರೂಢಿ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಯಂತ್ರ ಮಹಾಪೂರದ ದಿನ ಬಾಯಿ ಬಿಡದು. ಪ್ರತಿ ಶನಿವಾರ ಶಾಲೆ ಬಿಡುವ ಮೊದಲು ಅಕ್ಕಲಕೋಟೆ, ವಳಸಂಗ, ಸೊಲ್ಲಾಪುರಗಳು ಒಂದನ್ನೊಂದು ಕೂಗಿ ಹಾಜರಿ ಹೇಳಬೇಕು. ಹೊಳೆಯ ನೀರಿನ ಮಟ್ಟ, ಬಿದ್ದ ಮಳೆ, ಬಂದಾದ ರಸ್ತೆ, ಇವನ್ನು ಚಿಕ್ಕ ವಾಕ್ಯದಲ್ಲಿ, ತಪ್ಪಿಲ್ಲದೆ, ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಲು ಮಕ್ಕಳು ಕಲಿಯಬೇಕು. ಆ ಪಾಠವನ್ನು ನಾನು ತೆಗೆದುಕೊಳ್ಳುತ್ತೇನೆ. ಅಲ್ಪಪದದಲ್ಲಿ ಪೂರ್ಣಾರ್ಥ ಹೇಳುವುದು ಭಾಷಾಶಿಕ್ಷಕರ ಕೆಲಸವೇ ತಾನೆ?

ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ಶತಮಾನದ ನೆನಪಿಗೆ ಮಹಾದ್ವಾರ ಕಟ್ಟಿಸುವ ಯೋಚನೆಯಿದೆ, ಅದು ಆಗಲಿ. ಆದರೆ ಅದಕ್ಕಿಂತ ಮುಂಚೆ ಶಾಲೆಯ ಮಾಳಿಗೆಯ ಮೇಲೆ ಒಂದು ಕಂಬ ಏಳಲಿ. ಮುಂದೊಮ್ಮೆ ಬೋರಿ ಉಕ್ಕಿದಾಗ ಈ ಕುರ್ಚಿಯಲ್ಲಿ ಕೂತಿರುವ ಮುಖ್ಯೋಪಾಧ್ಯಾಯಿನಿ ನನ್ನ ಹಾಗೆ ಹಾಜರಿ ಪುಸ್ತಕ ಹಿಡಿದು ಸುಮ್ಮನೆ ಕೂಡಬಾರದು. ಅವರು ಹೆಸರು ಕೂಗಲಿ. ಹೊಳೆಯಾಚೆಯಿಂದ 'ಇದ್ದೇನೆ' ಎಂಬ ಉತ್ತರ ಬರಲಿ.