ಒಂದು ಪುಟ್ಟ ಶೆಲ್, ಅರ್ಧ ಶತಮಾನದ ದಾರಿ



ಸಿ ಭಾಷೆ ಕಲಿಯುವ ಹುಡುಗ ಹುಡುಗಿಯರಿಗೆ ಮೇಷ್ಟ್ರುಗಳು ಕೊಡುವ ಒಂದು ಕೆಲಸವಿದೆ: ನಿಮ್ಮದೇ ಒಂದು ಪುಟ್ಟ ಶೆಲ್ ಬರೆಯಿರಿ. ನಾವು ಟೈಪ್ ಮಾಡಿದ ಕಮಾಂಡನ್ನು ಓದಿಕೊಂಡು, ಆ ಹೆಸರಿನ ಪ್ರೋಗ್ರಾಂ ಓಡಿಸಿ, ಅದು ಮುಗಿಯುವವರೆಗೆ ಕಾದು, ಮತ್ತೆ ‘ಮುಂದೇನು?’ ಎಂದು ಕೇಳುವ ಪ್ರೋಗ್ರಾಮೇ ಶೆಲ್. ನೂರಿನ್ನೂರು ಸಾಲಿನಲ್ಲಿ ಮುಗಿಯುವ ಕೆಲಸ. ಆದರೆ ಬರೆಯುವಾಗ ನಾವು ಎಲ್ಲಿ ಎಡವುತ್ತೇವೋ, ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಘಟಾನುಘಟಿಗಳೂ ಅಲ್ಲೇ ಎಡವಿದ್ದರು. ಹಾಗಾಗಿ ಶೆಲ್‌ನ ಚರಿತ್ರೆಯೇ ಅದನ್ನು ಬರೆಯುವವರಿಗೆ ಪಾಠ.

ಕಥೆ ಶುರುವಾಗುವುದು 1960ರ ದಶಕದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಲು ಅಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಫ್ರಾನ್ಸಿನಿಂದ ಬಂದಿದ್ದ ಲೂಯಿ ಪೂಜಾಂ, ಫೈಲಿನಲ್ಲಿ ಬರೆದಿಟ್ಟ ಕಮಾಂಡುಗಳನ್ನು ಸಾಲಾಗಿ ಓಡಿಸುವ ‘ರನ್‌ಕಾಮ್’ ಎಂಬ ಪ್ರೋಗ್ರಾಂ ಬರೆದರು. ಮುಂದೆ ಮಲ್ಟಿಕ್ಸ್ ಎಂಬ ದೊಡ್ಡ ಯೋಜನೆಗಾಗಿ ಈ ವಿಚಾರವನ್ನು ಬೆಳೆಸಿ, ಶೆಲ್ ಎಂದು ಹೆಸರಿಟ್ಟವರೂ ಅವರೇ. ಅವರು ಫ್ರಾನ್ಸಿಗೆ ಮರಳಿದ ಮೇಲೆ ಮಲ್ಟಿಕ್ಸ್‌ನ ಮೊದಲ ಶೆಲ್ ಗ್ಲೆಂಡಾ ಶ್ರೋಡರ್ ಅವರ ಕೈಯಲ್ಲಿ ರೂಪುಗೊಂಡಿತು.

ಮಲ್ಟಿಕ್ಸ್ ಯೋಜನೆಯಲ್ಲಿ ಜೊತೆಗಿದ್ದ ಬೆಲ್ ಲ್ಯಾಬ್ಸ್ 1969ರಲ್ಲಿ ಅದರಿಂದ ಹೊರಬಂತು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಯೂನಿಕ್ಸ್ ಕಟ್ಟತೊಡಗಿದರು. ಮೊದಮೊದಲು ಅವರ ಶೆಲ್ ಒಂದು ವಿಚಿತ್ರ ಕೆಲಸ ಮಾಡುತ್ತಿತ್ತು. ಕಮಾಂಡ್ ಬಂದೊಡನೆ ತಾನಿದ್ದ ಜಾಗವನ್ನು ಆ ಪ್ರೋಗ್ರಾಮಿಗೆ ಬಿಟ್ಟುಕೊಟ್ಟು ಅಳಿಸಿಹೋಗುತ್ತಿತ್ತು. ಕೆಲಸ ಮುಗಿದಾಗ ಡಿಸ್ಕಿನಿಂದ ಹೊಸ ಶೆಲ್ ಓದಿಕೊಳ್ಳಬೇಕಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಫೋರ್ಕ್. ಓಡುತ್ತಿರುವ ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ. ಆ ಮರಿ ಪ್ರತಿ ಎಕ್ಸೆಕ್ ಕರೆಯಿಂದ ಬೇರೆ ಪ್ರೋಗ್ರಾಂ ಆಗಿ ಬದಲಾಗುತ್ತದೆ, ತಾಯಿ ಶೆಲ್ ವೇಟ್ ಕರೆಯಿಂದ ಅದು ಮುಗಿಯುವವರೆಗೆ ಕಾಯುತ್ತದೆ. ಪಿಡಿಪಿ-7ರಲ್ಲಿ ಫೋರ್ಕ್ ಸೇರಿಸಲು ಹಿಡಿದದ್ದು ಬರೀ 27 ಸಾಲು ಅಸೆಂಬ್ಲಿ ಕೋಡ್.

ಎಲ್ಲರೂ ಹಿಗ್ಗುತ್ತಿರುವಾಗಲೇ ಒಂದು ಎಡವಟ್ಟು ಬೆಳಕಿಗೆ ಬಂತು ಎಂದು ರಿಚಿ ಮುಂದೆ ಬರೆದಿದ್ದಾರೆ. ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಹೋಗುವ ಕಮಾಂಡ್ ಕೆಲಸ ನಿಲ್ಲಿಸಿತ್ತು! ಕಾರಣ ಸರಳ. ಡೈರೆಕ್ಟರಿ ಬದಲಾಗುತ್ತಿದ್ದದ್ದು ಮರಿ ಪ್ರತಿಗೆ. ಅದು ಮುಗಿದುಹೋದ ಮೇಲೆ ತಾಯಿ ಇದ್ದಲ್ಲೇ ಇತ್ತು. ಹೀಗಾಗಿ ಆ ಒಂದು ಕಮಾಂಡನ್ನು ಶೆಲ್ ಬೇರೆಯವರಿಗೆ ವಹಿಸದೆ ತಾನೇ ನೆರವೇರಿಸಬೇಕಾಯಿತು. ಇವತ್ತು ಮೊದಲ ಶೆಲ್ ಬರೆಯುವವರು ಡೈರೆಕ್ಟರಿ ಬದಲಿಸುವ ‘ಸಿಡಿ’ ಕಮಾಂಡ್ ಕೊಟ್ಟು, ಎಲ್ಲಿಗೂ ಹೋಗದೆ ತಲೆ ಕೆರೆದುಕೊಳ್ಳುವುದು ಇದೇ ಕಾರಣಕ್ಕೆ.

ಫೋರ್ಕ್ ಮತ್ತು ಎಕ್ಸೆಕ್ ಎರಡು ಬೇರೆ ಹೆಜ್ಜೆಗಳಾದದ್ದರಿಂದ ಒಂದು ಲಾಭವೂ ಆಯಿತು. ಆ ಎರಡರ ನಡುವಿನ ಗಳಿಗೆಯಲ್ಲಿ ಮರಿ ಪ್ರತಿಯ ಔಟ್‌ಪುಟ್ಟನ್ನು ಪರದೆಯ ಬದಲು ಫೈಲಿಗೆ ತಿರುಗಿಸಬಹುದು. ಓಡುವ ಪ್ರೋಗ್ರಾಮಿಗೆ ಇದರ ಸುಳಿವೂ ಬೇಕಿಲ್ಲ. 1971ರ ನವೆಂಬರಿನ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಹೀಗೆ ತಿರುಗಿಸಲು ಬಳಸುವ ಚಿಹ್ನೆಗಳಿವೆ. ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. 1973ರ ಮೂರನೇ ಆವೃತ್ತಿಯ ಕೈಪಿಡಿಯಲ್ಲಿ ಅದು ಪೈಪ್ ಆಗಿ ಕಾಣಿಸಿಕೊಂಡಿತು. ಪೈಪ್ ಬರೆಯುವ ಹೊಸಬರಿಗೆ ಒಂದು ಕಿವಿಮಾತು: ತಾಯಿ ಶೆಲ್ ತನ್ನ ಬಳಿಯಿರುವ ಪೈಪಿನ ತುದಿಗಳನ್ನು ಮುಚ್ಚದಿದ್ದರೆ, ಓದುವ ಪ್ರೋಗ್ರಾಂ ‘ಇನ್ನೂ ಬರುವುದಿದೆ’ ಎಂದು ಕಾಯುತ್ತಲೇ ಇರುತ್ತದೆ.

ಮುಂದಿನದು ಶೆಲ್‌ಗಳ ಸಂತಾನ. 1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಂತೆ ಬೆಳೆಯಿತು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಸಿ-ಶೆಲ್ ಬರೆದರು. 1989ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬ್ಯಾಶ್ ಎಂಬ ಶೆಲ್ ತಂದರು. ಇಷ್ಟು ಜನ ಇಷ್ಟು ಶೆಲ್ ಬರೆಯಲು ಸಾಧ್ಯವಾದದ್ದು ಹೇಗೆ? ಯೂನಿಕ್ಸ್‌ನಲ್ಲಿ ಶೆಲ್‌ಗೆ ವಿಶೇಷ ಅಧಿಕಾರವೇನೂ ಇಲ್ಲ. ಅದು ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಹೊರಗಿರುವ ಮಾಮೂಲಿ ಪ್ರೋಗ್ರಾಂ. ಬೋರ್ನ್ ಕರೆದ ಫೋರ್ಕನ್ನೇ ವಿದ್ಯಾರ್ಥಿಯೂ ಕರೆಯುತ್ತಾನೆ.

ಎಚ್ಚರಿಕೆಯೂ ಚರಿತ್ರೆಯಲ್ಲೇ ಇದೆ. 2014ರಲ್ಲಿ ಬಯಲಾದ ಶೆಲ್‌ಶಾಕ್ ಎಂಬ ಭದ್ರತಾ ದೋಷ ಸುಮಾರು 25 ವರ್ಷ ಬ್ಯಾಶ್‌ನಲ್ಲಿ ಅಡಗಿತ್ತು. ಹೊರಗಿನಿಂದ ಬಂದ ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳುವ ಭಾಗದಲ್ಲೇ ಅದು ಇದ್ದದ್ದು. ಪ್ರೋಗ್ರಾಂ ಓಡಿಸುವುದು ಸುಲಭ, ಸಾಲನ್ನು ಸರಿಯಾಗಿ ಓದುವುದೇ ಕಷ್ಟ.

ಆದ್ದರಿಂದ ಶೆಲ್ ಬರೆಯಹೊರಟವರು ಚರಿತ್ರೆಯ ಕ್ರಮವನ್ನೇ ಹಿಡಿಯಬಹುದು. ಮೊದಲು ಲೂಪ್, ಫೋರ್ಕ್, ಎಕ್ಸೆಕ್, ವೇಟ್. ಆಮೇಲೆ ಸಿಡಿ. ನಂತರ ಫೈಲಿಗೆ ತಿರುಗಿಸುವುದು, ಅದಾದ ಮೇಲೆ ಪೈಪ್. ಉದ್ಧರಣ ಚಿಹ್ನೆ, ವೇರಿಯಬಲ್‌ಗಳ ಗೊಡವೆ ಕಟ್ಟಕಡೆಗೆ. ಅಲ್ಲಿ ಅವಸರ ಬೇಡ.