ಗಣಕದ ಕಣ್ಣು: ಉಪಯೋಗ ಮತ್ತು ಮಿತಿ



ಮೊರದಲ್ಲಿ ಅಕ್ಕಿ ಆರಿಸುವವರನ್ನು ನೀವು ನೋಡಿದ್ದೀರಿ. ಕಣ್ಣು ಕಲ್ಲನ್ನು ಕಾಣುತ್ತದೆ, ಬುದ್ಧಿ ಬೇಡವೆನ್ನುತ್ತದೆ, ಕೈ ತೆಗೆದುಹಾಕುತ್ತದೆ. ಈ ಮೂರೂ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಲು ನೆರವಾಗುವ ವಿದ್ಯೆಗೆ ಗಣಕ ದೃಷ್ಟಿ, ಅಂದರೆ ಕಂಪ್ಯೂಟರ್ ವಿಷನ್ ಎಂದು ಹೆಸರು.

ನಮ್ಮ ರಾಜ್ಯದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳು ಕೆಟ್ಟ ಬೀಜಗಳನ್ನು ಕೈಯಿಂದ ಹೆಕ್ಕುತ್ತಿದ್ದರು. ಈಗ ಆ ಕೆಲಸದ ಬಹಳಷ್ಟನ್ನು ‘ಕಲರ್ ಸಾರ್ಟರ್’ ಯಂತ್ರ ಮಾಡುತ್ತದೆ. ಬೀಜಗಳು ಜಾರಿ ಬೀಳುವಾಗ ಕ್ಯಾಮೆರಾ ಪ್ರತಿಯೊಂದರ ಬಣ್ಣವನ್ನೂ ಅಳೆಯುತ್ತದೆ. ಗೊತ್ತುಪಡಿಸಿದ ಮಿತಿಗೆ ಹೊರತಾದ ಬೀಜವನ್ನು ರಭಸದ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಯಂತ್ರಕ್ಕೆ ಕಣ್ಣು ಸೋಲುವುದಿಲ್ಲ.

ಆದರೆ ಗಮನಿಸಿ: ಯಂತ್ರಕ್ಕೆ ತಿಳಿದಿರುವುದು ಬಣ್ಣ ಮಾತ್ರ, ರುಚಿಯಲ್ಲ. ಅತಿಯಾಗಿ ಹುಳಿತು ವಾಸನೆ ಬಂದ ಬೀಜ ನೋಡಲು ಚೆನ್ನಾಗಿದ್ದರೆ ತಪ್ಪಿಸಿಕೊಳ್ಳಬಹುದು. ಗಾಜಿನ ಮೇಲೆ ದೂಳು ಕೂತರೆ ಅಳತೆಯೇ ಕೆಡುತ್ತದೆ. ಮಿತಿಯನ್ನು ಬಿಗಿ ಮಾಡಿದರೆ ಒಳ್ಳೆಯ ಬೀಜವೂ ಹೊರಹೋಗಿ ಮಾಲೀಕನಿಗೆ ನಷ್ಟ. ಸಡಿಲ ಮಾಡಿದರೆ ಕೆಟ್ಟ ಬೀಜ ಗಿರಾಕಿಯ ಪಾಲಿಗೆ. ಯಾವ ತಪ್ಪನ್ನು ಎಷ್ಟು ಸಹಿಸಬೇಕೆಂದು ಮನುಷ್ಯರೇ ತೀರ್ಮಾನಿಸಬೇಕು.

ಬೀಜವಾದರೆ ಇನ್ನೊಮ್ಮೆ ಯಂತ್ರಕ್ಕೆ ಹಾಕಬಹುದು. ಮನುಷ್ಯರ ಮುಖ ನೋಡಿ ತೀರ್ಮಾನಿಸುವ ಯಂತ್ರದ ಮಾತೇನು? 2018ರಲ್ಲಿ ಅಮೆರಿಕದ ಜಾಯ್ ಬುವಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅವರು, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಮೂರು ಕಂಪನಿಗಳ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇಕಡ 0.8. ಕಪ್ಪು ಚರ್ಮದ ಹೆಂಗಸರಲ್ಲಿ ಅದು ಶೇಕಡ 34.7ರವರೆಗೂ ಇತ್ತು! ಇಂತಹ ವ್ಯವಸ್ಥೆಗಳು ಕಲಿಯುವುದು ಉದಾಹರಣೆಯ ಚಿತ್ರಗಳಿಂದ. ಆ ಚಿತ್ರಗಳಲ್ಲಿ ಯಾರ ಮುಖಗಳು ಕಡಿಮೆಯೋ, ಅವರ ವಿಷಯದಲ್ಲಿ ತಪ್ಪುವ ಸಂಭವ ಹೆಚ್ಚು.

ಹಾಜರಿಗೋ ಕಾವಲಿಗೋ ಇಂತಹ ಯಂತ್ರವನ್ನು ಕೂಡಿಸಿದ ಕಡೆ ನಿಮ್ಮಲ್ಲಿ ಕೆಲವರು ನಾಳೆ ಕೆಲಸಕ್ಕೆ ಸೇರುವಿರಿ. ಇನ್ನು ಕೆಲವರು ಅದನ್ನು ತಯಾರಿಸುವಿರಿ. ಆಗ ‘ನೂರಕ್ಕೆ ಎಷ್ಟು ಸರಿ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ತಪ್ಪು ಯಾರ ಮೇಲೆ ಬೀಳುತ್ತದೆ, ಅವರ ದೂರು ಕೇಳಿ ಮತ್ತೆ ಪರಿಶೀಲಿಸುವ ಮನುಷ್ಯರು ಅಲ್ಲಿದ್ದಾರೆಯೇ ಎಂಬುದನ್ನೂ ಕೇಳಿ.