ಸೇರುವ ವೈದ್ಯ, ಉಳಿಯುವ ವೈದ್ಯ

(ವೈದ್ಯರ ಸಂಘವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



'ಸಂಘದ ಸದಸ್ಯತ್ವವನ್ನು ಹೆಚ್ಚಿಸುವುದು ಹೇಗೆ, ಸೇರಿದವರನ್ನು ಚಟುವಟಿಕೆಯಲ್ಲಿ ತೊಡಗಿಸುವುದು ಹೇಗೆ' ಎಂಬ ವಿಷಯವನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ವೈದ್ಯನಲ್ಲ, ಇತಿಹಾಸ ಓದುವ ಹವ್ಯಾಸವುಳ್ಳ ಹೊರಗಿನವನು. ಅಂದರೆ, ನಿಮ್ಮ ಲೆಕ್ಕದಲ್ಲಿ ರೋಗಿ. ಚಂದಾ ವಸೂಲಿಯ ಉಪಾಯಗಳನ್ನು ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೆ ನಿಮ್ಮ ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಸುಮಾರು ಇನ್ನೂರು ವರ್ಷಗಳಿಂದ ವೈದ್ಯರ ಸಂಘಗಳು ಇದನ್ನು ಕೇಳಿಕೊಳ್ಳುತ್ತ ಬಂದಿವೆ. ಇಂಗ್ಲೆಂಡ್, ಅಮೆರಿಕ ಮತ್ತು ನಮ್ಮ ದೇಶ, ಈ ಮೂರು ಕಡೆ ಅದಕ್ಕೆ ದೊರೆತ ಉತ್ತರಗಳನ್ನು ನಿಮ್ಮ ಮುಂದಿಡುವುದಷ್ಟೇ ನನ್ನ ಕೆಲಸ.

ಮೊದಲು ಒಂದು ಸರಳ ಸಂಗತಿಯನ್ನು ಗಮನಿಸೋಣ. ವಕೀಲರು ದಿನವೂ ಒಂದೇ ಕೋರ್ಟಿನ ಆವರಣದಲ್ಲಿ ಎದುರುಬದುರಾಗುತ್ತಾರೆ. ಉಪಾಧ್ಯಾಯರಿಗೆ ಶಾಲೆಯ ಕೊಠಡಿಯಿದೆ. ಆದರೆ ಸ್ವಂತ ದವಾಖಾನೆ ನಡೆಸುವ ವೈದ್ಯ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೂರು ಜನರನ್ನು ಕಂಡರೂ ತನ್ನ ವೃತ್ತಿಯವರಲ್ಲಿ ಒಬ್ಬರನ್ನೂ ಕಾಣದೆ ದಿನ ಕಳೆಯಬಹುದು. ತನ್ನ ಅನುಮಾನವನ್ನು ಹೇಳಿಕೊಳ್ಳಲು, ತಾನು ಕಂಡ ವಿಚಿತ್ರ ಜ್ವರವನ್ನು ಬೇರೆಯವರೂ ಕಂಡಿದ್ದಾರೆಯೇ ಎಂದು ಕೇಳಲು ಅವನಿಗೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ವೈದ್ಯರ ಸಂಘಗಳು ಹುಟ್ಟಿದ್ದು ಮುಖ್ಯವಾಗಿ ಈ ಒಂಟಿತನದಿಂದ.

1832ರ ಜುಲೈ 19ರಂದು ಇಂಗ್ಲೆಂಡಿನ ವೂಸ್ಟರ್ ಪಟ್ಟಣದ ಆಸ್ಪತ್ರೆಯಲ್ಲಿ ಐವತ್ತಕ್ಕೂ ಹೆಚ್ಚು ವೈದ್ಯರು ಸಭೆ ಸೇರಿದರು. ಸಭೆಯನ್ನು ಕರೆದವರು ಅದೇ ಆಸ್ಪತ್ರೆಯ ವೈದ್ಯ ಚಾರ್ಲ್ಸ್ ಹೇಸ್ಟಿಂಗ್ಸ್. ಆಗ ವೈದ್ಯವೃತ್ತಿಯ ಅಧಿಕಾರವೆಲ್ಲ ಲಂಡನ್ನಿನ ರಾಯಲ್ ಕಾಲೇಜುಗಳ ಕೈಯಲ್ಲಿತ್ತು. ಊರೂರುಗಳಲ್ಲಿ ಕುದುರೆಯೇರಿ ರೋಗಿಗಳ ಮನೆಗೆ ಹೋಗುತ್ತಿದ್ದ ಸಾಮಾನ್ಯ ವೈದ್ಯನ ಮಾತು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಹಿಂದಿನ ವರ್ಷವಷ್ಟೇ ಕಾಲರಾ ಮೊದಲ ಬಾರಿಗೆ ಆ ದೇಶಕ್ಕೆ ಕಾಲಿಟ್ಟಿತ್ತು. ಆ ರೋಗ ಹೇಗೆ ಹರಡುತ್ತದೆಂದು ಲಂಡನ್ನಿನ ಪಂಡಿತರಿಗೂ ತಿಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಹುಟ್ಟಿದ 'ಪ್ರಾಂತೀಯ ವೈದ್ಯಕೀಯ ಮತ್ತು ಶಸ್ತ್ರವೈದ್ಯಕೀಯ ಸಂಘ'ವೇ 1856ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಎಂಬ ಹೆಸರು ಪಡೆಯಿತು.

ಹೇಸ್ಟಿಂಗ್ಸ್ ಕೈಗೊಂಡ ಕ್ರಮಗಳಲ್ಲಿ ಎರಡನ್ನು ಹೇಳಬೇಕು. ಮೊದಲನೆಯದು, ವಾರ್ಷಿಕ ಸಭೆ ಒಂದೇ ಊರಿನಲ್ಲಿ ನಡೆಯುತ್ತಿರಲಿಲ್ಲ; ಪ್ರತಿವರ್ಷ ಬೇರೊಂದು ಊರಿಗೆ ಹೋಗುತ್ತಿತ್ತು. ಸದಸ್ಯ ಸಂಘದ ಬಳಿಗೆ ಬರಲಿ ಎಂದು ಕಾಯದೆ, ಸಂಘವೇ ಸದಸ್ಯನ ಊರಿಗೆ ಹೋಯಿತು. ಎರಡನೆಯದು ಪತ್ರಿಕೆ. 1840ರಲ್ಲಿ ಆರಂಭವಾದ ವಾರಪತ್ರಿಕೆಯೇ 1857ರಿಂದ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಎಂದು ಪ್ರಸಿದ್ಧವಾಯಿತು. ಸಭೆಗೆ ಬರಲಾಗದ ಹಳ್ಳಿಯ ವೈದ್ಯನಿಗೂ ವಾರಕ್ಕೊಮ್ಮೆ ಅಂಚೆಯಲ್ಲಿ ಸಂಘ ಬಂದು ಮುಟ್ಟುತ್ತಿತ್ತು. 1867ರಲ್ಲಿ ಡಬ್ಲಿನ್ನಿನಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ಬಾಲಿಕ್ ಆಮ್ಲ ಬಳಸಿ ಗಾಯ ಕೊಳೆಯದಂತೆ ತಡೆಯುವ ಬಗೆಯನ್ನು ವಿವರಿಸಿದರು. ಆ ಪ್ರಬಂಧ ಕೆಲವೇ ವಾರಗಳಲ್ಲಿ ಈ ಪತ್ರಿಕೆಯಲ್ಲಿ ಅಚ್ಚಾಯಿತು. ಚಂದಾ ಕೊಟ್ಟ ವೈದ್ಯನಿಗೆ ಏನು ಸಿಕ್ಕಿತು ಎಂದು ಕೇಳಿದರೆ ಇದನ್ನೇ ತೋರಿಸಬಹುದು.

ಆದರೆ ಪತ್ರಿಕೆ ಓದುವವನು ಓದುಗನಾಗಿಯೇ ಉಳಿಯುತ್ತಾನೆ. ಅವನನ್ನು ಭಾಗಿಯನ್ನಾಗಿ ಮಾಡುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅವರೇ ಫ್ರೆಡರಿಕ್ ಅಕ್ಬರ್ ಮಹಮದ್. ಇವರ ಅಜ್ಜ ಶೇಖ್ ದೀನ್ ಮಹಮದ್ ಪಾಟ್ನಾದಲ್ಲಿ ಹುಟ್ಟಿ, ಸಮುದ್ರ ದಾಟಿ ಹೋಗಿ, 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಮನೆಯನ್ನು ತೆರೆದವರು. ಆಮೇಲೆ ಬ್ರೈಟನ್ನಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ನಡೆಸಿ ಹೆಸರಾದವರು. ಮೊಮ್ಮಗ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯನಾಗಿ ರಕ್ತದ ಒತ್ತಡದ ಬಗ್ಗೆ ಮಹತ್ವದ ಅಧ್ಯಯನ ಮಾಡಿದರು.

1880ರ ದಶಕದ ಆರಂಭದಲ್ಲಿ ಅವರು ಬ್ರಿಟಿಷ್ ಸಂಘದ ಮುಂದೆ 'ಸಾಮೂಹಿಕ ಶೋಧನೆ' ಎಂಬ ಯೋಜನೆಯನ್ನು ಇಟ್ಟು ಅದನ್ನು ನಡೆಸಿದರು. ನ್ಯುಮೋನಿಯಾದಂಥ ಕೆಲವು ರೋಗಗಳನ್ನು ಆರಿಸಿ, ಒಂದೊಂದಕ್ಕೂ ಪ್ರಶ್ನೆಗಳಿರುವ ಕಾರ್ಡುಗಳನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಕಳುಹಿಸಲಾಯಿತು. ರೋಗಿಯ ವಯಸ್ಸು, ರೋಗ ಆರಂಭವಾದ ಬಗೆ, ಅದು ಸಾಗಿದ ದಾರಿ, ಕೊನೆಗೆ ಏನಾಯಿತು ಎಂಬುದನ್ನು ಬರೆದು ಹಿಂದಿರುಗಿಸಬೇಕು. ದೊಡ್ಡ ಆಸ್ಪತ್ರೆಯ ತಜ್ಞ ನೋಡುವುದು ಆಸ್ಪತ್ರೆಗೆ ಬಂದ ರೋಗಿಯನ್ನು ಮಾತ್ರ. ಮನೆಯಲ್ಲೇ ಮಲಗಿ ಗುಣವಾದವನನ್ನೂ ಸತ್ತವನನ್ನೂ ನೋಡುವವನು ಊರಿನ ವೈದ್ಯ. ಅವನ ಬಳಿ ಮಾತ್ರ ಇರುವ ಜ್ಞಾನವನ್ನು ಸಂಘ ಅವನಿಂದ ಕೇಳಿತು. 1884ರಲ್ಲಿ, ಇನ್ನೂ 35ರ ಪ್ರಾಯದಲ್ಲಿ, ಮಹಮದ್ ವಿಷಮಶೀತ ಜ್ವರದಿಂದ ತೀರಿಕೊಂಡರು. ಅವರಿಲ್ಲದ ಮೇಲೆ ಆ ಕಾರ್ಯ ಬಹುಕಾಲ ಬಾಳಲಿಲ್ಲ. ಆದರೆ ಆ ವಿಚಾರ ಸಾಯಲಿಲ್ಲ. 1951ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು ಅವರ ಧೂಮಪಾನದ ಅಭ್ಯಾಸವನ್ನು ವಿಚಾರಿಸಿದಾಗ ಸುಮಾರು 40 ಸಾವಿರ ವೈದ್ಯರು ಉತ್ತರಿಸಿದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಬಲವಾಗಿ ಸ್ಥಾಪಿತವಾದದ್ದು ಈ ಉತ್ತರಗಳಿಂದ.

ಈಗ ಅಮೆರಿಕಕ್ಕೆ ಬರೋಣ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲೇ ಹುಟ್ಟಿತಾದರೂ ಅರ್ಧ ಶತಮಾನದ ಕಾಲ ಅದು ದುರ್ಬಲವಾಗಿಯೇ ಇತ್ತು. 1900ರಲ್ಲಿ ಅದರ ಸದಸ್ಯರು ಸುಮಾರು 8 ಸಾವಿರ. ಹತ್ತೇ ವರ್ಷಗಳಲ್ಲಿ, 1910ರ ಹೊತ್ತಿಗೆ, ಆ ಸಂಖ್ಯೆ ಸುಮಾರು 70 ಸಾವಿರಕ್ಕೆ ಏರಿತು. ದೇಶದ ವೈದ್ಯರಲ್ಲಿ ಅರ್ಧದಷ್ಟು ಜನ! ಇದು ಹೇಗೆ ಸಾಧ್ಯವಾಯಿತು? 1901ರಲ್ಲಿ ಸಂಘದ ನಿಯಮಾವಳಿಯನ್ನು ಬದಲಿಸಿ, ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಕೌಂಟಿಯ ಸಂಘವನ್ನು ಬುನಾದಿಯನ್ನಾಗಿ ಮಾಡಿದರು. ವೈದ್ಯ ತನ್ನ ಕೌಂಟಿ ಸಂಘವನ್ನು ಸೇರಬೇಕು. ಅದರ ಮೇಲೆ ರಾಜ್ಯ ಸಂಘ, ಅದರ ಮೇಲೆ ರಾಷ್ಟ್ರೀಯ ಸಂಘ. ಕೆಂಟಕಿಯ ಜೋಸೆಫ್ ಮೆಕಾರ್ಮಕ್ ಎಂಬ ವೈದ್ಯರು ಸಂಘಟಕರಾಗಿ ವರ್ಷಗಟ್ಟಲೆ ದೇಶ ಸುತ್ತಿದರು. ಪರಸ್ಪರ ದ್ವೇಷ ಕಟ್ಟಿಕೊಂಡಿದ್ದ ಒಂದೇ ಊರಿನ ವೈದ್ಯರನ್ನು ಒಂದೇ ಮೇಜಿನ ಸುತ್ತ ಕೂರಿಸುವುದೇ ಅವರ ಮುಖ್ಯ ಕೆಲಸವಾಗಿತ್ತು. ಮೊಕದ್ದಮೆ ಬಂದಾಗ ಸಹಾಯ ಮಾಡುವ ಸಂಘಗಳೂ ಇದ್ದವು. ಮುಂದೆ ಹಲವೆಡೆ ಸಂಘದ ಸದಸ್ಯನಲ್ಲದವನಿಗೆ ಆಸ್ಪತ್ರೆಯ ಬಾಗಿಲೇ ತೆರೆಯದಂತಾಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸಂಖ್ಯೆ ಬೆಳೆದಂತೆ ಅಧಿಕಾರ ಬೆಳೆಯುತ್ತದೆ. ಅಧಿಕಾರ ಬೆಳೆದಂತೆ 'ಯಾರು ನಮ್ಮವರು' ಎಂಬ ಪ್ರಶ್ನೆ ಬರುತ್ತದೆ. ಅಮೆರಿಕದ ಅನೇಕ ಕೌಂಟಿ ಸಂಘಗಳು, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಕರಿಯ ವೈದ್ಯರನ್ನು ಸೇರಿಸಿಕೊಳ್ಳಲಿಲ್ಲ. ಕೌಂಟಿಯಲ್ಲಿ ಸ್ಥಾನವಿಲ್ಲದವನಿಗೆ ರಾಷ್ಟ್ರೀಯ ಸಂಘದಲ್ಲೂ ಸ್ಥಾನವಿಲ್ಲ. ಅಂಥವರು 1895ರಲ್ಲೇ ಅಟ್ಲಾಂಟಾದಲ್ಲಿ ತಮ್ಮದೇ ನ್ಯಾಷನಲ್ ಮೆಡಿಕಲ್ ಅಸೋಸಿಯೇಷನ್ನನ್ನು ಕಟ್ಟಿಕೊಂಡಿದ್ದರು. ಅಮೆರಿಕನ್ ಸಂಘ ಈ ಅನ್ಯಾಯಕ್ಕಾಗಿ ಕ್ಷಮೆ ಕೇಳಿದ್ದು 2008ರಲ್ಲಿ.

ಬ್ರಿಟಿಷ್ ಸಂಘದ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1873ರಲ್ಲಿ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಸದಸ್ಯೆಯಾದರು. ಒಬ್ಬ ಹೆಂಗಸು ಒಳಗೆ ಬಂದದ್ದನ್ನು ಕಂಡು ಗಾಬರಿಯಾದ ಸಂಘ 1878ರಲ್ಲಿ ಇನ್ನು ಮುಂದೆ ಮಹಿಳೆಯರನ್ನು ಸೇರಿಸಿಕೊಳ್ಳಬಾರದೆಂದು ತೀರ್ಮಾನಿಸಿತು. 1892ರಲ್ಲಿ ಆ ನಿರ್ಬಂಧ ತೆಗೆಯುವವರೆಗೆ, 19 ವರ್ಷಗಳ ಕಾಲ, ಸಾವಿರಾರು ಗಂಡಸರ ನಡುವೆ ಅವರೊಬ್ಬರೇ ಮಹಿಳೆ. ಸದಸ್ಯತ್ವ ಏಕೆ ಬೆಳೆಯುತ್ತಿಲ್ಲ ಎಂದು ಕೇಳುವ ಸಂಘ ತನ್ನ ಬಾಗಿಲಲ್ಲಿ ಯಾರನ್ನು ತಡೆದು ನಿಲ್ಲಿಸಿದೆ ಎಂಬುದನ್ನೂ ನೋಡಿಕೊಳ್ಳಬೇಕು. ನಿಯಮವೇ ತಡೆಯಬೇಕೆಂದಿಲ್ಲ. ಮಕ್ಕಳಿರುವ ವೈದ್ಯೆಗೆ ರಾತ್ರಿ ಒಂಬತ್ತಕ್ಕೆ ಸಭೆ ಇಟ್ಟರೂ ಬಾಗಿಲು ಮುಚ್ಚಿದಂತೆಯೇ.

ಅಮೆರಿಕದ ಕಥೆಗೆ ಉತ್ತರಾರ್ಧವೂ ಇದೆ. 1950ರ ದಶಕದ ಆರಂಭದಲ್ಲಿ ಅಲ್ಲಿನ ನಾಲ್ವರು ವೈದ್ಯರಲ್ಲಿ ಮೂವರು ಸಂಘದಲ್ಲಿದ್ದರು. ಇಂದು ನಾಲ್ವರಲ್ಲಿ ಒಬ್ಬರೂ ಇಲ್ಲ. ಹೃದಯತಜ್ಞರಿಗೆ ಹೃದಯತಜ್ಞರ ಸಂಘ, ಮಕ್ಕಳ ವೈದ್ಯರಿಗೆ ಅವರದೇ ಸಂಘ ಎಂದು ಬೇರೆ ಬೇರೆ ಮನೆಗಳಾದವು. ಆಸ್ಪತ್ರೆಯ ಕೆಲಸಕ್ಕೆ ಸದಸ್ಯತ್ವ ಬೇಕೆಂಬ ಕಟ್ಟುಪಾಡು ಸಡಿಲವಾಯಿತು. ಅನಿವಾರ್ಯತೆಯಿಂದ ಬಂದವರು ಅನಿವಾರ್ಯತೆ ತಪ್ಪಿದಾಗ ಹೊರಟುಹೋದರು.

ನಮ್ಮ ದೇಶದ ಕಥೆ ಬೇರೆ ರೀತಿಯದು. ಇಲ್ಲಿನ ವೈದ್ಯಕೀಯ ಆಡಳಿತದ ಉನ್ನತ ಹುದ್ದೆಗಳನ್ನು ಹಿಡಿದಿದ್ದದ್ದು ಬಹುಪಾಲು ಬ್ರಿಟಿಷರೇ ಇದ್ದ ಇಂಡಿಯನ್ ಮೆಡಿಕಲ್ ಸರ್ವಿಸ್. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಶಾಖೆಗಳೂ ನಮ್ಮ ನಗರಗಳಲ್ಲಿದ್ದವು. 1928ರಲ್ಲಿ ಕಲ್ಕತ್ತೆಯ ಅಖಿಲ ಭಾರತ ವೈದ್ಯಕೀಯ ಸಮ್ಮೇಳನದಲ್ಲಿ ನೀಲರತನ್ ಸರ್ಕಾರ್, ಬಿಧಾನಚಂದ್ರ ರಾಯ್, ಎಂ.ಎ. ಅನ್ಸಾರಿ ಮೊದಲಾದವರು ಸೇರಿ ಸ್ಥಾಪಿಸಿದ್ದೇ ಇಂದಿನ ಭಾರತೀಯ ವೈದ್ಯಕೀಯ ಸಂಘ. ಎರಡೇ ವರ್ಷಗಳಲ್ಲಿ, 1930ರಲ್ಲಿ, ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ವೈದ್ಯಕೀಯ ಪದವಿಗಳಿಗೆ ಮಾನ್ಯತೆ ನಿಲ್ಲಿಸಿತು. ಆಗ ಸಂಘ ಸೇರುವುದೆಂದರೆ ಸ್ವಾಭಿಮಾನದ ಪ್ರಶ್ನೆಯಾಗಿತ್ತು. ಸೌಲಭ್ಯಗಳ ಪಟ್ಟಿ ತೋರಿಸಿ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಇಂದು ಆ ಸಂಘಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆಂದು ಅದೇ ಹೇಳಿಕೊಳ್ಳುತ್ತದೆ. 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ಇದೇ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ, ಹಣ ಪಡೆದು ಮಾಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ತೀರ್ಪಿತ್ತಿತು. ದಾವೆಯ ಭಯಕ್ಕೆ ಆಸರೆಯಾಗುವ ಯೋಜನೆಗಳನ್ನು ಹಲವು ರಾಜ್ಯ ಶಾಖೆಗಳು ನಡೆಸುತ್ತವೆ; ಅವು ಸದಸ್ಯತ್ವಕ್ಕೆ ಒಂದು ಕಾರಣವಾಗಿವೆ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ ನಮ್ಮ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆಲ್ಲ ನೆನಪಿದೆ. ಅದರ ಸರಿ ತಪ್ಪುಗಳ ಚರ್ಚೆ ಇಲ್ಲಿ ಬೇಡ. ಆದರೆ ರೋಗಿಯ ಕಡೆಯಿಂದ ಒಂದು ಮಾತು ಹೇಳಲೇಬೇಕು. ವೈದ್ಯರ ಸಂಘವೆಂಬುದೊಂದಿದೆ ಎಂದು ಜನರಿಗೆ ತಿಳಿಯುವುದು ದವಾಖಾನೆ ಮುಚ್ಚಿದ ದಿನ ಮಾತ್ರ ಎಂದಾದರೆ, ಆ ಸಂಘದ ಕಷ್ಟಕ್ಕೆ ಜನ ಹೆಗಲು ಕೊಡುವುದಿಲ್ಲ. ವೈದ್ಯರ ಮೇಲೆ ಹಲ್ಲೆಯಾದಾಗ ನೆರೆಯವರು ಏಕೆ ಅಡ್ಡ ಬರುವುದಿಲ್ಲ ಎಂಬ ನಿಮ್ಮ ನೋವಿಗೂ ಇದಕ್ಕೂ ಸಂಬಂಧವಿದೆ ಎಂದು ನನಗೆ ತೋರುತ್ತದೆ.

ಇನ್ನು ಆಜೀವ ಸದಸ್ಯತ್ವದ ವಿಚಾರ. ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ ಜೀವನಪರ್ಯಂತ ಸದಸ್ಯ. ಸಂಘಕ್ಕೆ ಠೇವಣಿ, ವೈದ್ಯನಿಗೆ ಗೋಡೆಗೊಂದು ಪ್ರಮಾಣಪತ್ರ, ಇಬ್ಬರಿಗೂ ಅನುಕೂಲ. ಆದರೆ ಪ್ರತಿವರ್ಷ ಚಂದಾ ಕೇಳಲು ಹೋಗುವ ಕಾರ್ಯದರ್ಶಿ ಪ್ರತಿವರ್ಷ ಒಂದು ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತಿತ್ತು: 'ಹೋದ ವರ್ಷ ಏನು ಮಾಡಿದಿರಿ ಸ್ವಾಮಿ?' ಆ ಪ್ರಶ್ನೆ ಈಗ ಯಾರೂ ಕೇಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಸಭೆಯಲ್ಲಿ ಕುರ್ಚಿ ಖಾಲಿಯಿರುತ್ತದೆ. ಆಜೀವ ಸದಸ್ಯತ್ವವನ್ನು ರದ್ದು ಮಾಡಿ ಎಂದು ನಾನು ಹೇಳುತ್ತಿಲ್ಲ. ಕಾರ್ಯದರ್ಶಿಗಳು ಹಣ ಕೇಳಲು ಅಲ್ಲದಿದ್ದರೂ ಆ ಪ್ರಶ್ನೆ ಕೇಳಿಸಿಕೊಳ್ಳಲು ವರ್ಷಕ್ಕೊಮ್ಮೆ ಪ್ರತಿ ಸದಸ್ಯನ ಬಾಗಿಲಿಗೆ ಹೋಗಲಿ.

ಹೋದಾಗ ಬರಿಗೈಯಲ್ಲಿ ಹೋಗುವುದು ಬೇಡ. ಮಹಮದರ ಕಾರ್ಡಿನಂಥದೊಂದು ಕೆಲಸ ಕೈಯಲ್ಲಿರಲಿ. ಕ್ಷಯರೋಗಿಗಳ ವಿವರವನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸಬೇಕೆಂಬ ಆದೇಶ 2012ರಲ್ಲಿಯೇ ಬಂದಿದೆ. ಅದನ್ನು ಒಬ್ಬೊಬ್ಬರೂ ಸರ್ಕಾರಿ ತೊಡಕೆಂದು ಭಾವಿಸುವ ಬದಲು, ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಔಷಧಿಯನ್ನು ನಡುವೆಯೇ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಹೆಸರು ಬಿಟ್ಟು ಒಟ್ಟುಗೂಡಿಸಿ ನಿಮ್ಮ ಶಾಖೆಯಲ್ಲೇ ಚರ್ಚಿಸಬಹುದು. ಮಳೆಗಾಲದ ಡೆಂಗೆ ಜ್ವರ ಯಾವ ಬೀದಿಯಲ್ಲಿ ಮೊದಲು ಕಾಣಿಸಿತು ಎಂಬುದು ನಿಮ್ಮ ಹತ್ತು ದವಾಖಾನೆಗಳ ಚೀಟಿಗಳನ್ನು ಒಟ್ಟಿಗೆ ಇಟ್ಟರೆ ತಿಳಿಯುತ್ತದೆ. ಒಂದೊಂದನ್ನೇ ನೋಡಿದರೆ ತಿಳಿಯುವುದಿಲ್ಲ. ಈಗಷ್ಟೇ ಕಾಲೇಜು ಮುಗಿಸಿ ಬಂದ ತರುಣ ವೈದ್ಯರಿಗೆ ವೇದಿಕೆಯ ಹೂಮಾಲೆ ಹೊರುವ ಕೆಲಸದ ಬದಲು ಈ ಲೆಕ್ಕ ಬರೆಯುವ ಕೆಲಸ ಕೊಡಿ. ಇಂಥ ಕೆಲಸ ಹಿಡಿದವರು ಮುಂದಿನ ತಿಂಗಳ ಸಭೆಗೆ ಕರೆಯದಿದ್ದರೂ ಬರುತ್ತಾರೆ. ತಾವು ಬರೆದ ಲೆಕ್ಕ ಏನಾಯಿತೆಂದು ತಿಳಿಯುವ ಕುತೂಹಲ ಅವರನ್ನು ಕರೆತರುತ್ತದೆ.

ನಮ್ಮಂಥ ರೋಗಿಗಳಿಗೆ ನಿಮ್ಮ ಸದಸ್ಯರ ಸಂಖ್ಯೆ ಎಷ್ಟೆಂಬುದು ತಿಳಿಯದು. ನಮ್ಮ ವೈದ್ಯರು ತಮಗೆ ಅನುಮಾನ ಬಂದಾಗ ಇನ್ನೊಬ್ಬ ವೈದ್ಯರಿಗೆ ಸಂಕೋಚವಿಲ್ಲದೆ ಫೋನು ಮಾಡುತ್ತಾರೆಯೇ ಎಂಬುದಷ್ಟೇ ನಮಗೆ ಮುಖ್ಯ. ಆ ಸಲಿಗೆಯನ್ನು ಬೆಳೆಸುವ ಸಭೆ ಇಪ್ಪತ್ತು ಜನರದಾದರೂ ದೊಡ್ಡ ಸಂಘವೇ.